ಅಮ್ಮಾವ್ರ ಹೆಸರಿಗೆ ಬಿದ್ದ ಹಾಡು

ಆಗೆಲ್ಲ ಸಮಾನ ಹಕ್ಕಿನ ಸಭೆಗೆ ಹೋದದ್ದು ಗೊತ್ತಾದರೆ ಕಪ್ಪು ಅಡುಗೆಯವಳಿಗೆ ಮಾರನೆಯ ಬೆಳಿಗ್ಗೆ ಕೆಲಸ ಇರುತ್ತಿರಲಿಲ್ಲ. ಅಮೆರಿಕದ ದಕ್ಷಿಣದ ನಮ್ಮ ಮೆಂಫಿಸ್‌ನಲ್ಲಿ ಇದು ಮಕ್ಕಳಿಗೂ ಗೊತ್ತು. ಸಂಗೀತ ಸಂಗ್ರಹಾಲಯದವರಿಗೆ ಗೊತ್ತಿರಲಿಲ್ಲ.

ವಿಲ್ಲೋಡೀನ್ ಗ್ರಿಗ್ಸ್ ಅವರಿಗೆ ಈಗ ಎಂಬತ್ತೊಂದು. ೧೯೬೮ರಲ್ಲಿ ಕಸ ಎತ್ತುವವರು ಮುಷ್ಕರ ಹೂಡಿದಾಗ ಬಿಳಿಯರ ಮನೆಯೊಂದರಲ್ಲಿ ಅಡುಗೆಗಿದ್ದರು. ಸಂಜೆ ಚರ್ಚಿನಲ್ಲಿ ಸಭೆ. ಅಲ್ಲಿ ಒಬ್ಬರು ಹಾಡಿನ ಸಾಲು ಎಸೆಯಬೇಕು, ಮಿಕ್ಕವರು ಎತ್ತಿಕೊಳ್ಳಬೇಕು. ಎಸೆಯುವವರು ವಿಲ್ಲೋಡೀನ್. ಹಿಂದಿನ ಬೆಂಚಿನಲ್ಲಿ ಪೊಲೀಸರು ಕೂತು ಹೆಸರು ಗೀಚಿಕೊಳ್ಳುತ್ತಿದ್ದರು. ಟೇಪ್ ರೆಕಾರ್ಡರ್ ಹೊತ್ತು ಬಂದು ಹಾಡು ತುಂಬಿಕೊಂಡ ಕಾಲೇಜಿನವನು ಹೆಸರು ಕೇಳಿದಾಗ, ಅಡುಗೆಯವರೆಲ್ಲ ಮಾಡುತ್ತಿದ್ದದ್ದನ್ನೇ ಇವರೂ ಮಾಡಿದರು. ಯಜಮಾನಿಯ ಹೆಸರು ಕೊಟ್ಟರು.

"ಹೆಸ್ಟರ್ ಕ್ಯಾಲ್ಡ್‌ವೆಲ್ ಅಂತ ಬರ್ಕೊಳಪ್ಪ. ಹಿಡಿಯೋದಾದ್ರೆ ಅವ್ರನ್ನೇ ಹಿಡೀಲಿ."

ಬೆಂಚೆಲ್ಲ ನಕ್ಕಿತ್ತು.

ಆ ನಗು ಈ ಜನವರಿಯಲ್ಲಿ ತಿರುಗಿ ಕಚ್ಚಿತು. ಹೋರಾಟದ ನೆನಪಿಗೆಂದು ಸಂಗ್ರಹಾಲಯ ಊರವರಿಗೆಲ್ಲ ಬಾಗಿಲು ತೆರೆದ ದಿನ, ಆ ಟೇಪಿನ ದನಿಗೊಂದು ಹಿತ್ತಾಳೆ ಫಲಕ ಸಿದ್ಧವಾಗಿತ್ತು: ಹೆಸ್ಟರ್ ಕ್ಯಾಲ್ಡ್‌ವೆಲ್. ಫಲಕದ ಮೇಲಿನ ಬಟ್ಟೆ ಸರಿಸಲು ಹೆಸ್ಟರ್‌ರ ಮೊಮ್ಮಗಳು ಲಿಡಿಯಾ ಬಂದಿದ್ದರು. ಹನ್ನೊಂದಕ್ಕೆ ಅನಾವರಣ. ಹತ್ತೂವರೆಗೆ ವಿಲ್ಲೋಡೀನ್ ಸಂಗ್ರಹಾಲಯದ ಮೇಲ್ವಿಚಾರಕ ಬ್ರೈಸ್‌ನ ಎದುರು ನಿಂತರು.

"ಅದು ನನ್ನ ದನಿ ಕಣಪ್ಪ."

"ದಾಖಲೆ ಏನಾದ್ರೂ ಇದೆಯಾ ಮೇಡಂ?"

"ದಾಖಲೆ ಇದ್ದಿದ್ರೆ ಅವತ್ತೇ ನನ್ನ ಕೆಲಸ ಹೋಗ್ತಿತ್ತು."

"ಕಾರ್ಯಕ್ರಮ ಮುಗೀಲಿ, ಮಾತಾಡೋಣ."

ಪಕ್ಕದಲ್ಲಿದ್ದ ಚರ್ಚಿನ ಹಿರಿಯ ಲೂಥರ್ ಗೊಣಗಿದರು: "ಸುಳ್ಳು ಹೇಳ್ದೋಳು ನೀನು, ಸಿಸ್ಟರ್. ಸುಮ್ನೆ ಬಂದು ಕೂತ್ಕೊ."

"ಐವತ್ತೇಳು ವರ್ಷ ಕೂತಿದ್ದೀನಿ ಲೂಥರ್. ಮಂಡಿ ಹಿಡ್ಕೊಂಡಿದೆ."

ಬಟ್ಟೆ ಇಳಿಯುವ ಮೊದಲು ಟೇಪ್ ಹಾಕಿದರು. ಮೂರನೆಯ ಸಾಲಿನ ನಡುವೆಯೇ ಅದು ತುಂಡಾಗುತ್ತದೆ: "ಬಾಣಲೆ ನಿಮ್ಮದು, ಒಲೆಯೂ ನಿಮ್ಮದು..." ಅಷ್ಟೇ. ಚಪ್ಪಾಳೆ ಏಳಬೇಕಾದ ಜಾಗ ಅದು. ಲಿಡಿಯಾ ಬಟ್ಟೆಯ ಅಂಚು ಹಿಡಿದಾಗಿತ್ತು. ವಿಲ್ಲೋಡೀನ್ ಕುರ್ಚಿಯ ಬೆನ್ನು ಹಿಡಿದು ಎದ್ದರು. ಎಡಗಾಲನ್ನು ಎರಡು ಸಲ ನೆಲಕ್ಕೆ ಬಡಿದು, ಉಳಿದದ್ದನ್ನು ಎಸೆದರು:

"ಉರಿಯೋ ಬೆಂಕಿ ಮಾತ್ರ ನಮ್ಮದು."

ಬ್ರೈಸ್ ಕಾವಲುಗಾರನಿಗೆ ಸನ್ನೆ ಮಾಡಿದ. ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಮೂಲೆಯಿಂದೊಂದು ಒಡಕು ದನಿ ಆ ಸಾಲನ್ನು ಎತ್ತಿಕೊಂಡಿತು. ಲೂಥರ್. ಹಿಂದೆಯೇ ಇನ್ನೂ ಏಳೆಂಟು ಮುದಿ ಗಂಟಲುಗಳು. ಟೇಪಿನಲ್ಲಿಲ್ಲದ ಸಾಲು ಅದು. ಅಂದು ಚರ್ಚಿನ ಆ ಬೆಂಚುಗಳಲ್ಲಿ ಕೂತವರನ್ನು ಬಿಟ್ಟು ಇನ್ಯಾರಿಗೂ ಬರುವಂಥದ್ದಲ್ಲ.

ಲಿಡಿಯಾ ಬಟ್ಟೆಯ ಅಂಚು ಕೈಬಿಟ್ಟರು. "ನಮ್ಮಜ್ಜಿ ಹಾಡಿದ್ದು ನಾನು ಕಂಡೇ ಇಲ್ಲ," ಎಂದರು ಮೈಕಿನಲ್ಲೇ. "ಅಡುಗೆಮನೇಲಿ ಯಾರಾದ್ರೂ ಹಾಡಿದ್ರೆ ಬಾಗಿಲು ಹಾಕಿಸ್ತಿದ್ರು. ಅಲ್ಲಿ ಒಬ್ರು ವಿಲ್ಲಿ ಅಂತ ಇದ್ರು." ಮುದುಕಿಯ ಕಡೆ ತಿರುಗಿದರು. "ನಿಮ್ಮ ಪೂರ್ತಿ ಹೆಸರೇನು?"

"ಹನ್ನೊಂದು ವರ್ಷ ನಿನಗೆ ಬಿಸ್ಕತ್ತು ಸುಟ್ಟು ಕೊಟ್ಟೆನಲ್ಲ ಮಗಾ. ವಿಲ್ಲೋಡೀನ್ ಗ್ರಿಗ್ಸ್."

ಫಲಕದ ಮೇಲೆ ಬಟ್ಟೆ ಇನ್ನೂ ಹಾಗೆಯೇ ಇದೆ. ಸಮಿತಿ ಕೂರಬೇಕಂತೆ. ಕಾಗದ ಬೇಕಂತೆ. ಹಾಡಿದವಳು ಎದುರಿಗೆ ನಿಂತರೂ ಇವರಿಗೆ ಕಾಗದ ಬೇಕು.

ಬ್ರೈಸ್‌ನನ್ನು ಬೈಯಲು ನೀವೂ ಬಾಯಿ ತೆರೆದಿರಬಹುದು. ತಡೆಯಿರಿ. ನಿಮ್ಮ ಅಡುಗೆಮನೆಯಲ್ಲಿ ದುಡಿಯುವವಳ ಪೂರ್ತಿ ಹೆಸರು ಹೇಳಿ. ಈಗಲೇ, ಅವಳನ್ನು ಕೇಳದೆ.