ನಾನು ಕುಡಿಯದ ಅರ್ಧ ಟೀ

ಸೆಲ್ವನ ಎಂಜಲು ಟೀಯನ್ನು ನಾನು ಕುಡಿಯಲಿಲ್ಲ. ಕುಡಿದಂತೆ ನಟಿಸಿದೆ. ಇಷ್ಟು ವರ್ಷ ಮುಚ್ಚಿಟ್ಟದ್ದು ಇದೇ — ಮಿಕ್ಕಿದ್ದೆಲ್ಲ ಇದರ ಸುತ್ತಲಿನ ಮಾತು.

ತೊಂಬತ್ತರ ದಶಕ. ಏಡ್ಸ್ ಎಂದರೆ ಜನ ಮಾರು ದೂರ ಸರಿಯುತ್ತಿದ್ದ ಕಾಲ. ಗಂಡಸರನ್ನೇ ಪ್ರೀತಿಸುವ ಗಂಡಸು ನಾನು. ಬೆರಳು ಮೊದಲು ತಿರುಗುತ್ತಿದ್ದದ್ದು ನನ್ನಂಥವರ ಕಡೆಗೇ. ಅದಕ್ಕೇ ಬೀದಿನಾಟಕ ಬರೆದೆ. ಶಿವಾಜಿನಗರದ ಬಸ್ ನಿಲ್ದಾಣ, ಹಲಸೂರಿನ ಮಾರುಕಟ್ಟೆ — ಜನ ಸೇರುವಲ್ಲೆಲ್ಲ ಆಡಿದೆವು. ಜೋಗುಪಾಳ್ಯದ ಟೈಲರ್ ಸೆಲ್ವನದು ರೋಗಿಯ ಪಾತ್ರ, ನನ್ನದು ಅವನ ಗೆಳೆಯನದು. ಕೊನೆಯ ದೃಶ್ಯದಲ್ಲಿ ಇಬ್ಬರೂ ಬೈ ಟು ಟೀ ಹೇಳುತ್ತೇವೆ. ಅಂಗಡಿಯವ ರೋಗಿಗೆಂದು ಎರಡನೇ ಲೋಟ ಕೊಡಲು ಒಪ್ಪುವುದಿಲ್ಲ. ಒಂದೇ ಲೋಟದಲ್ಲಿ ಅವನು ಅರ್ಧ ಕುಡಿದಿಟ್ಟದ್ದನ್ನು ನಾನು ಗಟಗಟ ಮುಗಿಸಬೇಕು. ಎಂಜಲಿನಿಂದ ಈ ರೋಗ ಬಾರದೆಂದು ಸಾರುವ ದೃಶ್ಯ. ಟೀ ನಿಜವಾದದ್ದೇ.

ಆ ದೃಶ್ಯ ನನ್ನ ಕಲ್ಪನೆಯಲ್ಲ. ಹಿಂದೊಮ್ಮೆ ಟೀ ಅಂಗಡಿಯಲ್ಲಿ ನನ್ನ ಗುಟ್ಟನ್ನು ಸೆಲ್ವನಿಗೆ ಹೇಳಿ, ಅರ್ಧ ಕುಡಿದ ಲೋಟ ಕೆಳಗಿಟ್ಟಿದ್ದೆ. "ಇಷ್ಟೇನಾ ಮಗಾ? ಟೀ ಆರೋಗ್ತಾ ಇದೆ ನೋಡು," ಎಂದವನೇ ನನ್ನ ಎಂಜಲನ್ನು ಎತ್ತಿ ಕುಡಿದುಬಿಟ್ಟಿದ್ದ.

ಹಲಸೂರಿನಲ್ಲಿ ಒಂದು ಸಂಜೆ, ತಮಟೆ ಶುರುವಾಗುವ ಮುಂಚೆ, ಅವನು ನನ್ನನ್ನು ಪಕ್ಕಕ್ಕೆ ಕರೆದ. "ಗುರು, ರಿಪೋರ್ಟ್ ಬಂತು. ನಂಗೂ ಇದೆ. ನಿಂಗೊಬ್ನಿಗೇ ಹೇಳ್ತಿರೋದು." ಭುಜ ಒತ್ತಿದೆ. ಧೈರ್ಯ ಹೇಳಿದೆ — ಮಾತಿಗೇನು, ಮಾತು ನನ್ನ ಕಸುಬು.

ಕೊನೆಯ ದೃಶ್ಯ ಬಂತು. ಲೋಟ ಎತ್ತಿ ತುಟಿಗೆ ತಾಗಿಸಿದೆ. ಎಲ್ಲ ಗೊತ್ತಿದ್ದವನು ನಾನು, ಊರಿಗೆಲ್ಲ ಹೇಳಿಕೊಟ್ಟವನು — ಆದರೂ... ಗುಟುಕು ಇಳಿದಂತೆ ಗಂಟಲು ಆಡಿಸಿ ಲೋಟ ಇಟ್ಟೆ. ಚಪ್ಪಾಳೆ ಬಿತ್ತು. ಲೋಟದಲ್ಲಿ ಟೀ ಹಾಗೇ ಇದ್ದದ್ದು ಕಂಡಿದ್ದು ಸೆಲ್ವನೊಬ್ಬನಿಗೆ. ತಾನೇ ಎತ್ತಿ ಮುಗಿಸಿ, ನಾಟಕದಲ್ಲಿಲ್ಲದ ಮಾತೊಂದನ್ನು ಆಡಿದ:

"ಬೈ ಟು ಅಂದ್ಮೇಲೆ ಇಬ್ರೂ ಕುಡೀಬೇಕು ಗುರು!"

ಜನ ನಕ್ಕು ಶಿಳ್ಳೆ ಹೊಡೆದರು. ನಾನೂ ನಕ್ಕೆ.

'ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ' ಎಂದು ನಮ್ಮಜ್ಜಿ ಅನ್ನುತ್ತಿದ್ದಳು. ಆ ಬದನೆಕಾಯಿ ತಿಂದು ಸುಮ್ಮನಿದ್ದಿದ್ದರೂ ಸರಿ — ಇಲ್ಲ, ಮರುದಿನವೇ ದೃಶ್ಯವನ್ನೇ ಬದಲಿಸಿದೆ. "ಹೋದಲ್ಲೆಲ್ಲ ಟೀ ಸಿಗಲ್ಲ ಕಣ್ರೋ," ಎಂದು ತಂಡಕ್ಕೆ ಸುಳ್ಳು ಹೇಳಿ, ಲೋಟದ ಜಾಗದಲ್ಲಿ ಅಪ್ಪುಗೆ ಬರೆದೆ. ಟೀ ಅಂಗಡಿಯಿಲ್ಲದ ಬೀದಿ ನಮ್ಮ ಕಡೆ ಎಲ್ಲಿತ್ತು? ಸೆಲ್ವ ಓದಿ, "ಚೆನ್ನಾಗಿದೆ," ಎಂದ. ಅಷ್ಟೇ.

ನಿಲ್ಲಲು ಆಗುವವರೆಗೂ ಆಡಿದ. ತನ್ನ ಕಾಯಿಲೆಯ ವಿಷಯ ಕೊನೆಗೆ ತಾನೇ ಎಲ್ಲರಿಗೂ ಹೇಳಿಕೊಂಡ; ನಾನು ಟೀ ಕುಡಿಯದ ವಿಷಯ ಯಾರಿಗೂ ಹೇಳದೆ ತೀರಿಕೊಂಡ. ಆ ಅಪ್ಪುಗೆಯನ್ನು ಹೊಗಳದವರಿಲ್ಲ. ಎಲ್ಲ ಹೊಗಳಿಕೆಯನ್ನೂ ಕೈಮುಗಿದು ತೆಗೆದುಕೊಂಡೆ.

ಈಗ ಇಂದಿರಾನಗರದ ಹೊಸ ತಂಡವೊಂದು ಆ ನಾಟಕ ಕೇಳಿದೆ. ಅಪ್ಪುಗೆಯನ್ನು ಹೊಡೆದುಹಾಕಿ ಲೋಟವನ್ನು ವಾಪಸು ತಂದಿದ್ದೇನೆ. ಸೆಲ್ವನ ಮಾತನ್ನು ಅವನ ಹೆಸರಲ್ಲೇ ಸೇರಿಸಿದ್ದೇನೆ. ನಾಟಕಕ್ಕೆ ಮುಂಚೆ ಇದಿಷ್ಟನ್ನೂ ಜನರೆದುರು ನಾನೇ ಹೇಳುತ್ತೇನೆ. ಗೆಳೆಯನ ಪಾತ್ರಕ್ಕೆ ಒಂದೇ ಸೂಚನೆ ಬರೆದಿದ್ದೇನೆ: ಟೀ ಕುಡಿದಾದ ಮೇಲೆ ಲೋಟವನ್ನು ಜನರೆದುರು ಬೋರಲು ಹಿಡಿಯಬೇಕು.