ದವಡೆ ನೋಡಿ ಆಡುವವನು

ಅವನ ಕೆಲಸ ಹಲ್ಲು ಮಾಡುವುದು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಕಿಟಕಿಯಿಲ್ಲದ ವರ್ಕ್‌ಶಾಪಿನಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುತ್ತಾನೆ. ಇಪ್ಪತ್ತೆರಡು ವರ್ಷದಿಂದ ಇದೇ. ಊರಿನ ಎಷ್ಟೋ ಮುದುಕರು ಬಾಯಿ ತುಂಬ ನಗುವುದು ಇವನ ಕೈಗುಣದಿಂದ. ಬಿಲ್ಲಿನ ಮೇಲೆ ಮಾತ್ರ ಡಾಕ್ಟರ ಹೆಸರು.

ಪೋಕರ್ ಹಾಲಿನಲ್ಲಿ ಅವನನ್ನು 'ದವಡೆ' ಎಂದು ಕರೆಯುತ್ತಾರೆ. ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಸುಮ್ಮನೆ ಹೋಗಿದ್ದ. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪ್ರತಿಯೊಬ್ಬನ ಕೈಯಲ್ಲಿ ಎರಡು ಇಸ್ಪೀಟು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಯಾರ ಎಲೆ ಒಳ್ಳೆಯದು, ಯಾರು ಬರೀ ಬೂಟಾಟಿಕೆ ಮಾಡುತ್ತಿದ್ದಾರೆ ಎಂದು ಊಹಿಸಿ ಪಣ ಕಟ್ಟಬೇಕು. ಉಳಿದವರು ಎದುರಿನವನ ಕಣ್ಣು ನೋಡಿದರೆ, ಇವನು ಕೆನ್ನೆಯ ಕೆಳಗೆ ನೋಡಿದ. ಹೆದರಿದವನು ಹಲ್ಲು ಕಚ್ಚುತ್ತಾನೆ, ದವಡೆಯ ಮೂಲೆಯಲ್ಲಿ ಒಂದು ಗಂಟು ಎದ್ದು ಅಡಗುತ್ತದೆ. ಅದು ಇವನಿಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತು? ಅರವತ್ತು ಜನರಲ್ಲಿ ಮೂರನೆಯವನಾಗಿ ಗೆದ್ದ. ಪೋಕರ್ ಹಾಲಿನವರು ಫೋಟೋ ತೆಗೆದು ಗೋಡೆಗೆ ಹಾಕಿದರು.

ಗೆದ್ದವರಿಗೆ ಗೋಡೆಯ ಮೇಲೆ ಜಾಗವಿದೆ. ಸೋತವರ ಫೋಟೋ ಹಾಕಲು ಹೋದರೆ ಇಡೀ ಬೀದಿಯ ಗೋಡೆಗಳು ಸಾಲವು. ಇದನ್ನು ಯಾವ ಮ್ಯಾನೇಜರೂ ಹೇಳುವುದಿಲ್ಲ. ಜೊತೆಗೆ ಹೋಗಿದ್ದ ಗೆಳೆಯರು ನಾವು ಕೂಡ ಆವತ್ತು ಅವನ ಬೆನ್ನು ತಟ್ಟಿ, "ಪಾರ್ಟಿ ಯಾವಾಗಪ್ಪ" ಎಂದೆವೇ ಹೊರತು ಇನ್ನೇನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಹನ್ನೊಂದು ಟೂರ್ನಮೆಂಟು. ಒಂದರಲ್ಲೂ ಊಟದ ಹೊತ್ತಿನವರೆಗೆ ಉಳಿಯಲಿಲ್ಲ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೂರುವುದು, ಹನ್ನೆರಡಕ್ಕೆ ಜೋಲು ಮುಖ ಹೊತ್ತು ಮನೆ ಸೇರುವುದು. ಒಮ್ಮೆ ಹೆಂಡತಿ ತಟ್ಟೆ ಇಡುತ್ತಾ ಹೇಳಿದಳು, "ಆವತ್ತು ನೀವು ಸೋತಿದ್ರೆ ಚೆನ್ನಾಗಿತ್ತು ನೋಡಿ." ಹನ್ನೊಂದನೆಯದರ ನಂತರ ಅವಳ ಎದುರಿಗೂ ಅಕ್ಕನ ಎದುರಿಗೂ ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದ. ಇಬ್ಬರೂ ನಂಬಿದರು.

ಅಕ್ಕ ಎಂದರೆ ಅವನಿಗೆ ತಾಯಿಯ ಸಮ. ಇವನು ಒಂಬತ್ತನೇ ಕ್ಲಾಸು ಫೇಲಾದಾಗ ಕೈ ಹಿಡಿದು ಹಲ್ಲಿನ ವರ್ಕ್‌ಶಾಪಿಗೆ ಸೇರಿಸಿದವಳು ಅವಳೇ. ಅವಳದು ಒಂದು ದೊಡ್ಡ ಕಚೇರಿಯಲ್ಲಿ ಟಪಾಲು ವಿಭಾಗದ ಮೇಜು, ಮೂವತ್ತೊಂದು ವರ್ಷ. ನಿವೃತ್ತಿಗೆ ಎರಡು ತಿಂಗಳ ಮುಂಚೆ ಮೇಲಿನ ಸಾಲಿನ ಹಲ್ಲು ಪೂರ್ತಿ ತೆಗೆಸಬೇಕಾಯಿತು. ಅಂದಿನಿಂದ ಬಾಯಿಗೆ ಕರ್ಚೀಫು ಹಿಡಿದೇ ಓಡಾಟ. ನಿವೃತ್ತಿಯ ದಿನ, ಶನಿವಾರ ನಾಲ್ಕಕ್ಕೆ, ಬೀಳ್ಕೊಡುಗೆ. ಆ ದಿನ ಅವಳು ಮಾತಾಡಲೇಬೇಕಿತ್ತು.

ಮಾತಾಡಲೇಬೇಕಿದ್ದುದಕ್ಕೆ ಕಾರಣವಿತ್ತು. ಆ ಕಚೇರಿಯಲ್ಲಿ ಕಸ ಗುಡಿಸುವ ಮೂವರು ಹೆಂಗಸರು ಹನ್ನೊಂದು ವರ್ಷದಿಂದ 'ತಾತ್ಕಾಲಿಕ'. ಖಾಯಂ ಮಾಡಿ ಎಂಬ ಅವರ ಅರ್ಜಿಗಳನ್ನೆಲ್ಲ ಒಳಗೆ ಕಳಿಸಿದ್ದು ಅಕ್ಕನೇ. ಒಂದಕ್ಕೂ ಉತ್ತರ ಬರಲಿಲ್ಲ. ಗುಮಾಸ್ತೆಯೊಬ್ಬಳು ಮೈಕು ಹಿಡಿದರೆ ದೊಡ್ಡ ಸಾಹೇಬರು ಎದ್ದು ಹೋಗಲಾಗದೆ ಕೂತು ಕೇಳುವ ದಿನ ಒಂದೇ, ಅವಳು ಬಿಟ್ಟು ಹೋಗುವ ದಿನ. ಅಕ್ಕ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಳು. ಕೊನೆಯ ಸಾಲು ಆ ಮೂವರದು.

"ಕೊಳಕೊಳ ಅಂತ ಹೇಳಿದ್ರೆ ನಗ್ತಾರೆ ಕಣೋ," ಎಂದಿದ್ದಳು ತಮ್ಮನಿಗೆ. "ಆ ಒಂದು ಮಾತು ನೆಟ್ಟಗೆ ಹೇಳ್ಬೇಕು ನಾನು. ಹಲ್ಲು ಆ ದಿನಕ್ಕೆ ಆಗುತ್ತೆ ತಾನೇ?"

"ನಿನ್ನ ಹಲ್ಲು ಆಗದೆ ಇನ್ಯಾರದು ಆಗ್ಬೇಕು, ಬಿಡಕ್ಕ."

ವಾರದ ಮುಂಚೆಯೇ ಆಗಬೇಕಿತ್ತು. ಆ ವಾರ ಅವನು ಸಂಜೆ ಸಂಜೆ ಪೋಕರ್ ಹಾಲಿನಲ್ಲಿದ್ದ. ಮನೆಯವರಿಗೆ ಕೊಟ್ಟ ಮಾತು ಒಂದು ತಿಂಗಳೂ ಬಾಳಿರಲಿಲ್ಲ. ಅಲ್ಲಿ ಒಂದು ಚಿಕ್ಕ ಆಟದಲ್ಲಿ ಗೆದ್ದು ದೊಡ್ಡ ಟೂರ್ನಮೆಂಟಿಗೆ ಪುಕ್ಕಟೆ ಕುರ್ಚಿ ಗಿಟ್ಟಿಸಿದ. ದಿನ, ಅದೇ ಶನಿವಾರ. ಬೇರೆಯವರಿಗೆ ಕೊಡುವಂತಿಲ್ಲ, ಇನ್ನೊಂದು ದಿನಕ್ಕೆ ಹಾಕುವಂತಿಲ್ಲ. ಅವನು ಲೆಕ್ಕ ಹಾಕಿದ್ದು ಹೀಗೆ: ಬೆಳಿಗ್ಗೆ ಒಂಬತ್ತೂವರೆಗೆ ಹಲ್ಲು ಮುಗಿಯುತ್ತದೆ. ಹತ್ತಕ್ಕೆ ಕೂತರೆ ಹನ್ನೆರಡಕ್ಕೆ ಹೇಗೂ ಸೋತಿರುತ್ತೇನೆ. ಒಂದಕ್ಕೆ ಅಕ್ಕನ ಕಚೇರಿ. ಹಲ್ಲು ಕೂರಿಸಿ, ನೀಲಿ ಕಾಗದ ಕಚ್ಚಿಸಿ, ಗುರುತು ಬಿದ್ದಲ್ಲಿ ಸವೆಸಲು ಅರ್ಧ ಗಂಟೆ. ತಾನು ಸೋಲುವುದನ್ನು ನೆಚ್ಚಿಕೊಂಡು ಅಕ್ಕನಿಗೆ ಹೊತ್ತು ಕೊಟ್ಟ ಮನುಷ್ಯ ಇವನು.

ಆ ಶನಿವಾರ ಅವನು ಸೋಲಲಿಲ್ಲ.

ಹನ್ನೆರಡಕ್ಕೆ ಅವನ ಮುಂದಿನ ಪಣದ ಬಿಲ್ಲೆಗಳು ಎರಡರಷ್ಟಾಗಿದ್ದವು. ಒಂದಕ್ಕೆ ಮೂರರಷ್ಟು. ಪ್ಯಾಂಟಿನ ಜೇಬಿನಲ್ಲಿ ಹಲ್ಲಿನ ಡಬ್ಬಿ ತೊಡೆಗೆ ಒತ್ತುತ್ತಿತ್ತು. ವಿರಾಮದಲ್ಲಿ ಮ್ಯಾನೇಜರ ಬಳಿ ಹೋದ.

"ಸರ್, ನಾನು ಅರ್ಜೆಂಟಾಗಿ ಹೋಗ್ಬೇಕು. ನನ್ನ ಬಿಲ್ಲೆ ತಗೊಂಡು ಇಷ್ಟು ಅಂತ ಕೊಟ್ಬಿಡಿ."

ಮ್ಯಾನೇಜರು ನಕ್ಕರು. "ಟೂರ್ನಮೆಂಟಲ್ಲಿ ಅದು ದುಡ್ಡಲ್ಲ ಸರ್, ಬರೀ ಬಿಲ್ಲೆ. ನೀವು ಹೋಗಿ, ಯಾರು ಬೇಡ ಅಂದ್ರು? ಬಿಲ್ಲೆ ಇಲ್ಲೇ ಇರುತ್ತೆ. ಪ್ರತಿ ಸುತ್ತಿಗೂ ಕಟ್ಟಲೇಬೇಕಾದ ಪಣ ಇರುತ್ತಲ್ಲ, ಅದನ್ನ ಅದರಿಂದ ತೆಗೀತಾ ಹೋಗ್ತೀವಿ. ಮುಗಿಯೋವರೆಗೂ."

ಈ ನಿಯಮದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನ್ನ ಕೈಲಾಗದು. ಬಾಗಿಲಿಗೆ ಬೀಗವಿಲ್ಲ, ಕಾವಲಿನವನು ತಡೆಯುವುದಿಲ್ಲ. ಎದ್ದು ಹೋದವನ ಖಾಲಿ ಕುರ್ಚಿಯ ಮುಂದೆ ಅವನ ಗೆಲುವನ್ನು ಎಲ್ಲರ ಕಣ್ಣೆದುರು ಚೂರುಚೂರಾಗಿ ಸವೆಸುತ್ತಾರೆ, ಅಷ್ಟೆ. ಇಷ್ಟು ಸಭ್ಯವಾದ ಬೋನನ್ನು ಕಂಡುಹಿಡಿದವನು ಇಲಿ ಹಿಡಿಯುವ ಕೆಲಸದಲ್ಲಿದ್ದಿದ್ದರೆ ಲೋಕಕ್ಕೆ ಉಪಕಾರವಾದರೂ ಆಗುತ್ತಿತ್ತು.

ಎರಡೂವರೆಗೆ ಅಕ್ಕನ ಫೋನು. ಹೊರಗೆ ಮೆಟ್ಟಿಲ ಬಳಿ ನಿಂತು ಎತ್ತಿದ.

"ಎಲ್ಲಿದ್ದೀಯೋ?"

"ವರ್ಕ್‌ಶಾಪಲ್ಲೇ ಅಕ್ಕ. ಪಾಲಿಶ್ ನಡೀತಿದೆ."

"ಇನ್ನೂ ಪಾಲಿಶಾ? ಹಲ್ಲು ಮಾಡ್ತಿದ್ದೀಯೋ, ಕನ್ನಡಿ ಮಾಡ್ತಿದ್ದೀಯೋ?"

"ಬಂದೆ, ಬಂದೆ."

ವರ್ಕ್‌ಶಾಪಿನ ಗೆಳೆಯನೊಬ್ಬನಿಗೆ ಫೋನು ಮಾಡಿ, ಈ ಡಬ್ಬಿ ಒಯ್ದು ಕೂರಿಸಿಬಿಡು ಎನ್ನಬಹುದಿತ್ತು. ಅವನೂ ಅದೇ ಕಸುಬಿನವನು. ಆದರೆ ಡಬ್ಬಿ ಎಲ್ಲಿಂದ ಒಯ್ಯಬೇಕು ಎಂದು ಹೇಳಬೇಕಾಗುತ್ತಿತ್ತಲ್ಲ. ಆ ಒಂದು ವಿಳಾಸ ಅವನ ಬಾಯಿಂದ ಹೊರಡಲಿಲ್ಲ.

ಬದಲಿಗೆ ಇನ್ನೊಂದು ಉಪಾಯ ಹೂಡಿದ: ಬೇಕೆಂದೇ ಸೋಲುವುದು. ಮರ್ಯಾದೆಯಾಗಿ ಸೋತು ಎದ್ದರೆ ಯಾರ ಹಂಗೂ ಇಲ್ಲ. ಒಳಗೆ ಬಂದು ಕೂತವನೇ ತನ್ನ ಎರಡು ಎಲೆಗಳನ್ನು ತಿರುಗಿಸಿಯೂ ನೋಡದೆ, ಇದ್ದಬದ್ದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದ. ಇಬ್ಬರು ಒಪ್ಪಿ ತಮ್ಮದನ್ನೂ ತಳ್ಳಿದರು. ಎಲೆ ಬಿಚ್ಚಿದಾಗ ಇವನ ಕೈಯಲ್ಲಿ ಒಂದು ಏಳು, ಒಂದು ಎರಡು. ಆ ಆಟದಲ್ಲಿ ಅದಕ್ಕಿಂತ ದರಿದ್ರ ಜೋಡಿ ಇಲ್ಲ. ಅವನು ಆಗಲೇ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಿದ್ದ. ಎಲೆ ಹಂಚುವ ಹುಡುಗಿ ಮೇಜಿನ ಮೇಲೆ ಐದು ಎಲೆ ಬಿಡಿಸಿದಳು. ಅದರಲ್ಲಿ ಏಳರ ಎಲೆಯೇ ಎರಡು, ಇವನದೂ ಸೇರಿ ಮೂರು.

ಬಿಲ್ಲೆಗಳ ಗುಡ್ಡೆ ಇವನ ಕಡೆಗೆ ಜರುಗಿತು.

"ಕಣ್ಣು ಮುಚ್ಕೊಂಡು ಆಡಿದ್ರೂ ಬರುತ್ತಲ್ಲಪ್ಪ ದವಡೆ ನಿಂಗೆ," ಎಂದ ಪಕ್ಕದ ಬಸ್ ಡ್ರೈವರು. "ಯಾಕೆ ನಿಂತಿದ್ದೀಯಾ? ಕೂತ್ಕೋ. ಲಕ್ಷ್ಮಿ ಬಂದಾಗ ನಿಲ್ಲಬಾರದು."

ಕೂತ. ಅವನೇ ನನಗೆ ಹೇಳಿದ್ದು, ಆ ಕ್ಷಣ ಸಂಕಟವೂ ಆಯಿತು, ಖುಷಿಯೂ ಆಯಿತು, ಖುಷಿಯೇ ಒಂದು ತೂಕ ಹೆಚ್ಚಿತ್ತು ಎಂದು. ಸುಳ್ಳು ಹೇಳಿ ಕೆಟ್ಟವನು ಈ ಒಂದು ನಿಜವನ್ನು ಮಾತ್ರ ಮುಚ್ಚಿಡಲಿಲ್ಲ.

ನಾಲ್ಕು ಗಂಟೆಗೆ ತೊಂಬತ್ತು ಜನರಲ್ಲಿ ಒಂಬತ್ತು ಮಂದಿ ಉಳಿದಿದ್ದರು. ಬಹುಮಾನ ಎಂಟು ಜನಕ್ಕೆ. ಇನ್ನೊಬ್ಬ ಹೋದರೆ ಉಳಿದವರಿಗೆಲ್ಲ ಏನೋ ಒಂದು ಸಿಗುತ್ತದೆ. ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು. ಅವನು ಕೈ ಹಾಕಲಿಲ್ಲ. ಇನ್ನೊಂದೇ ಆಟ, ಇನ್ನೊಂದೇ ಆಟ.

ಆಗ ಎದುರಿನ ಹಾರ್ಡ್‌ವೇರ್ ಅಂಗಡಿಯಮ್ಮ ತನ್ನೆಲ್ಲ ಬಿಲ್ಲೆ ಮುಂದೆ ತಳ್ಳಿದರು. ಇವನ ಬಳಿ ಎರಡು ಗುಲಾಮ. ಒಳ್ಳೆಯ ಜೋಡಿ, ಆದರೆ ಆಕೆಯ ಬಳಿ ಇವನಿಗಿಂತ ಹೆಚ್ಚು ಬಿಲ್ಲೆ, ಸೋತರೆ ಪೂರ್ತಿ ಸೋತಂತೆ. ಅವನು ಆಕೆಯ ಕೆನ್ನೆಯ ಕೆಳಗೆ ನೋಡಿದ. ಗಂಟು ಎದ್ದಿತ್ತು. ಬಲಗಡೆ ಗಟ್ಟಿಯಾಗಿ, ಬಿಡದೆ. ಅಷ್ಟು ಹೆದರಿದ ದವಡೆಯನ್ನು ಅವನು ಎರಡು ವರ್ಷದಲ್ಲಿ ನೋಡಿರಲಿಲ್ಲ. ಬೂಟಾಟಿಕೆ ಎಂದು ತೀರ್ಮಾನಿಸಿ ಎಲ್ಲವನ್ನೂ ತಳ್ಳಿದ.

ಆಕೆಯ ಕೈಯಲ್ಲಿ ಎರಡು ರಾಜ. ಮೇಜಿನ ಮೇಲಿನ ಐದು ಎಲೆ ಯಾರಿಗೂ ಏನೂ ಸಹಾಯ ಮಾಡಲಿಲ್ಲ.

ಒಂಬತ್ತನೆಯವನು. ಕೈ ಖಾಲಿ. ಅವನು ಏಳುತ್ತಿದ್ದಾಗ ಆಕೆ ಮೆಲ್ಲಗೆ ಕೇಳಿದರು, "ನೀವು ಹಲ್ಲಿನ ಕೆಲಸದವರಂತೆ ಅಲ್ವಾ? ಈ ಬಲಗಡೆ ಮೂರು ದಿನದಿಂದ ಪ್ರಾಣ ಹಿಂಡ್ತಾ ಇದೆ. ಕಚ್ಚಿಕೊಂಡೇ ಕೂತಿದ್ದೀನಿ. ಯಾರ ಹತ್ರ ತೋರಿಸ್ಲಿ?"

ಇಪ್ಪತ್ತೆರಡು ವರ್ಷ ಬಾಯಿಯನ್ನೇ ನಂಬಿ ಬದುಕಿದವನಿಗೆ ಎದುರು ಕೂತವಳ ಹಲ್ಲುನೋವು ಕಾಣಲಿಲ್ಲ. ಎಲ್ಲರ ಮುಖವೂ ಬರೀ ಎಲೆಯಾಗಿಬಿಟ್ಟಿತ್ತು.

ಡಾಕ್ಟರ ಹೆಸರು ಹೇಳಿ ಓಡಿದ. ಕಚೇರಿ ಮುಟ್ಟಿದಾಗ ಐದೂಕಾಲು. ಸಭೆಯ ಕೋಣೆಯಲ್ಲಿ ಕಾಗದದ ಲೋಟಗಳು ಬಿದ್ದಿದ್ದವು. ಅಕ್ಕ ಮುಂದಿನ ಸಾಲಿನಲ್ಲಿ ಒಬ್ಬಳೇ, ತೊಡೆಯ ಮೇಲೆ ಹೂಗುಚ್ಛ, ಬಾಯಿಗೆ ಕರ್ಚೀಫು. ಹಿಂದೆ ಕಸ ಗುಡಿಸುವ ಆ ಮೂವರಲ್ಲಿ ಒಬ್ಬಳು ಕುರ್ಚಿಯ ಮೇಲೆ ಕುರ್ಚಿ ಪೇರಿಸುತ್ತಿದ್ದಳು.

"ಮಾತಾಡಿದ್ಯಾ?" ಎಂದ.

ಅಕ್ಕ ಕೈ ಚಾಚಿದಳು. ಡಬ್ಬಿ ಕೊಟ್ಟ. ಅವಳೇ ತೆಗೆದು ಹಾಕಿಕೊಂಡಳು. ನೀಲಿ ಕಾಗದ ಬೇಕಾಗಲಿಲ್ಲ, ಒಂದು ಕಡೆಯೂ ಸವೆಸಬೇಕಾಗಲಿಲ್ಲ. ಅವನ ಜೀವಮಾನದಲ್ಲಿ ಅಷ್ಟು ಸರಿಯಾಗಿ ಕೂತ ಸಾಲು ಇನ್ನೊಂದಿಲ್ಲ.

"ಹಾಳೆ ಕೊಟ್ಟೆ. ಸೂಪರ್‌ವೈಸರು ಓದಿದರು," ಎಂದಳು ಅಕ್ಕ, ಒಂದೊಂದು ಅಕ್ಷರವೂ ಸ್ವಚ್ಛವಾಗಿ. "ಎಲ್ಲ ಓದಿದರು. ಕೊನೇ ಸಾಲಿಗೆ ಬಂದು ಕನ್ನಡಕ ತೆಗೆದು, ಅದನ್ನ ಬಿಟ್ಟು ವಂದನೆಗಳು ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದರು."

ತಾನು ಎಲ್ಲಿದ್ದೆ ಎಂದು ಹೇಳಲು ಅವನು ಬಾಯಿ ತೆರೆದ. ಅಕ್ಕ ಬೇಡವೆಂಬಂತೆ ಕೈ ಎತ್ತಿದಳು. ಅವಳಿಗೆ ಗೊತ್ತಿತ್ತು, ಮೂರು ಗಂಟೆಗೇ ವರ್ಕ್‌ಶಾಪಿಗೆ ಫೋನು ಮಾಡಿದ್ದಳು.

ಆಮೇಲೆ ಹಿಂದಕ್ಕೆ ತಿರುಗಿ ಕುರ್ಚಿ ಪೇರಿಸುವವಳಿಗೆ ಹೇಳಿದಳು, "ಸೋಮವಾರ ಬರ್ತೀನಿ ಕಣಮ್ಮ. ನೇರವಾಗಿ ಸಾಹೇಬರ ರೂಮಿಗೇ ಹೋಗಿ ಹೇಳ್ತೀನಿ."

ಆಕೆ ಕೈಯಲ್ಲಿದ್ದ ಕುರ್ಚಿಯನ್ನು ಮೇಲಿಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡಳು.

"ಗೇಟಲ್ಲಿ ಬಿಡಲ್ಲ ಅಕ್ಕ. ಮಧ್ಯಾಹ್ನವೇ ನಿಮ್ಮ ಐಡಿ ಕಾರ್ಡು ವಾಪಸ್ ತಗೊಂಡ್ರಲ್ಲ."