ದ್ವೀಪದ ತೋಟದಲ್ಲಿ ಕೇಳಿಸಿದ ಳಕಾರ

ಜೂನ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಎಂಟೂವರೆಗೆ ಸ್ವೀಡನ್ನಿನ ಗೋಥೆನ್‌ಬರ್ಗ್ ಬಿಟ್ಟೆವು. ನಮ್ಮವರು, ಆರು ವರ್ಷದ ಮಗಳು ಇಳಾ, ನಾನು. ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ. ಉತ್ತರಕ್ಕೆ ಎಂಬತ್ತು ಕಿಲೋಮೀಟರ್ ದೂರದ ಒಂದು ಸಣ್ಣ ದ್ವೀಪದಲ್ಲಿ ಹಳೆಯ ಬಂಗಲೆಯೂ ಅದರ ಸುತ್ತ ಕಾಡಿನಂಥ ಹೂತೋಟವೂ ಇದೆ ಎಂದು ಇವರ ಆಫೀಸಿನಲ್ಲಿ ಯಾರೋ ಹೇಳಿದ್ದರು.

ಕಾರಿನಲ್ಲಿ ಮಾತು ಮತ್ತೆ ಫಾರಮ್ಮಿಗೇ ಬಂತು. ಆಗಸ್ಟಿನಲ್ಲಿ ಇಳಾ ಶಿಶುವಿಹಾರ ಬಿಟ್ಟು ಶಾಲೆಗೆ ಸೇರುತ್ತಾಳೆ. ಶಾಲೆಯ ಫಾರಮ್ಮಿನಲ್ಲಿ ‘ಮಗುವನ್ನು ಕರೆಯುವ ಹೆಸರು’ ಎಂದು ಒಂದು ಜಾಗವಿದೆ. ಸೋಮವಾರ ಕಳಿಸಬೇಕು. ಅಲ್ಲಿ ‘ಎಲ್ಲಾ’ ಎಂದು ಬರೆಯಬೇಕೆಂಬುದು ಅವಳ ಹಟ. ಆ ಹೆಸರಿನ ಹುಡುಗಿ ಇಲ್ಲಿ ತರಗತಿಗೊಬ್ಬಳಾದರೂ ಇರುತ್ತಾಳೆ.

“ಎಲ್ಲಾ, ಎಲ್ಲಾ ತಿಂದ್ಬಿಟ್ಯಾ ಅಂತ ಕೇಳ್ಬೇಕಾಗತ್ತೆ ಕಣೇ,” ಎಂದು ಇವರು ನಗಿಸಲು ನೋಡಿದರು.

“ನನ್ನ ಹೆಸರು ಹೇಳೋಕೆ ಯಾರಿಗೂ ಬರಲ್ಲ. ನನಗೂ ಬರಲ್ಲ,” ಎಂದಳು, ಸ್ವೀಡಿಷ್‌ನಲ್ಲಿ.

ನಿಜ. ತನ್ನನ್ನು ತಾನೇ ‘ಇಲಾ’ ಎನ್ನುತ್ತಾಳೆ. ಗದರಲು ನನಗೆ ಬಾಯಿ ಬರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ವನಜಾಕ್ಷಿಯಾದ ನನ್ನನ್ನು ವೀನಾ ಮಾಡಿದಾಗ ನಾನೂ ಒಳಗೊಳಗೇ ಹಿಗ್ಗಿದ್ದವಳು. ಆದರೆ ಇಳಾ ನನ್ನಮ್ಮ ಇಟ್ಟ ಹೆಸರು. ಅಮ್ಮ ಹೋದಮೇಲೆ ಅದನ್ನು ಬಾಯಿತುಂಬ ಕರೆಯುವವರು ಕಡಿಮೆಯಾಗಿದ್ದಾರೆ.

ದ್ವೀಪಕ್ಕೆ ಹಳದಿ ಬಣ್ಣದ ಸರ್ಕಾರಿ ದೋಣಿ. ಟಿಕೆಟ್ಟಿಲ್ಲ, ಕಾರನ್ನೇ ಅದರ ಮೇಲೆ ಹತ್ತಿಸುತ್ತಾರೆ. ಐದು ನಿಮಿಷದ ದಾರಿ. ಹದಿಮೂರು ಡಿಗ್ರಿ, ಮೇಲೆ ಗಾಳಿ. ತೋಟಕ್ಕೆ ದೊಡ್ಡವರಿಗೆ ನೂರು ಕ್ರೋನರ್, ಮಕ್ಕಳಿಗೆ ಇಲ್ಲ.

ಬಂಗಲೆ ತಿಳಿಹಳದಿಯ ಮರದ ಮನೆ. ಇನ್ನೂರು ವರ್ಷದ ಹಿಂದೆ ಮೀನಿನ ವ್ಯಾಪಾರಿಯೊಬ್ಬ ಕಟ್ಟಿಸಿದ್ದಂತೆ. ಊಟದ ಮನೆಯ ಪರದೆ ಹರಿದಲ್ಲಿ ಯಾರೋ ಅದೇ ಬಣ್ಣದ ದಾರದಲ್ಲಿ ಎಳೆಗೆ ಎಳೆ ಕೂಡಿಸಿ ರಫೂ ಮಾಡಿದ್ದರು. ಇವರು ಕೈಹಿಡಿದು ಎಳೆಯುವವರೆಗೆ ಅದನ್ನೇ ನೋಡುತ್ತ ನಿಂತಿದ್ದೆ.

ಮನೆಯ ಹಿಂದಿನಿಂದಲೇ ಕಾಡು. ಕಡಲ ಗಾಳಿ ತಡೆಯಲೆಂದು ಮೊದಲು ಓಕ್ ಮರಗಳನ್ನು ನೆಟ್ಟು, ಅವು ಬೆಳೆದಮೇಲೆ ನೆರಳಲ್ಲಿ ಹೂಗಿಡ ಹಾಕಿದ್ದಾರೆ. ಪಾಚಿಯ ಮೇಲೆ ನಡೆದರೆ ಹೆಜ್ಜೆಯ ಸದ್ದೇ ಇಲ್ಲ. ಎರಡಾಳೆತ್ತರದ ಒಂದು ಗಿಡದಲ್ಲಿ ಕೆಂಪು ಹೂಗೊಂಚಲು. ಬುಡದಲ್ಲಿ ಕಳೆ ಕೀಳುತ್ತಿದ್ದ ವಯಸ್ಸಾದ ಮಾಲಿ ಎದ್ದು ನಿಂತು, “ಇದು ನಿಮ್ಮ ದೇಶದ್ದು, ಹಿಮಾಲಯದ್ದು,” ಎಂದರು ಇಂಗ್ಲಿಷಿನಲ್ಲಿ.

“ನಾನು ಹಿಮಾಲಯ ನೋಡೇ ಇಲ್ಲ. ನನಗೂ ಈ ಗಿಡಕ್ಕೂ ಇಲ್ಲೇ ಮೊದಲ ಭೇಟಿ,” ಎಂದೆ.

ಅವರು ನಕ್ಕು ಮಗಳ ಹೆಸರು ಕೇಳಿದರು. “ಎಲ್ಲಾ,” ಎಂದಳು, ನನ್ನನ್ನು ನೋಡದೆ.

“ಇಳಾ,” ಎಂದೆ ನಾನು, ತಡೆಯಲಾಗದೆ.

“ಇಳಾ,” ಎಂದರು ಅವರು.

ತಪ್ಪಿಲ್ಲದೆ, ನಾಲಿಗೆ ಮಡಿಸಿ, ಮೈಸೂರಿನ ನಮ್ಮ ಬೀದಿಯವರು ಕರೆದಂತೆ. ಇವರು ಕೇಳಿದರು, ಆ ಳಕಾರ ಹೇಗೆ ಬರುತ್ತದೆಂದು.

ಅವರದು ಒಳನಾಡಿನ ವೆರ್ಮ್‌ಲಾಂಡ್ ಪ್ರಾಂತ್ಯದ ಒಂದು ಹಳ್ಳಿಯಂತೆ. “ಹೂವಿಗೆ ಇಲ್ಲಿಯವರೆಲ್ಲ ಬ್ಲುಮ್ಮ ಅಂತಾರೆ, ನಮ್ಮೂರಲ್ಲಿ ಬ್ಳುಮ್ಮ. ಪಟ್ಟಣಕ್ಕೆ ಓದೋಕೆ ಬಂದಾಗ ಹುಡುಗರು ಆಡಿಕೊಂಡರು. ಬಿಟ್ಟುಬಿಟ್ಟೆ. ಈಗ ನನ್ನ ಮಕ್ಕಳಿಗೆ ಬರೋದಿಲ್ಲ. ಇಲ್ಲಿ ಯಾರೂ ಇಲ್ಲದಾಗ ಗಿಡಗಳ ಹತ್ತಿರ ಹಾಗೆ ಮಾತಾಡ್ತೀನಿ.”

ಇಳಾ ಅವರ ಬಾಯನ್ನೇ ನೋಡುತ್ತಿದ್ದಳು. “ಇನ್ನೊಂದು ಸಲ ಹೇಳಿ,” ಎಂದಳು. ಅವರು ಬಗ್ಗಿ ಹೇಳಿದರು. ಅವಳೂ ಹೇಳಿದಳು: “ಇಡಾ.”

“ಅದು ನನ್ನ ಅಕ್ಕನ ಹೆಸರು,” ಎಂದು ಅವರು ಜೋರಾಗಿ ನಕ್ಕರು.

ಬಂಗಲೆಯ ಕೆಫೆಯಲ್ಲಿ ದೋಸೆಹಂಚಿನಂತೆ ಕಾದ ಕಬ್ಬಿಣದಲ್ಲಿ ಒತ್ತಿದ ವಾಫಲ್, ಮೇಲೆ ಜಾಮು. ಇಳಾ ಅರ್ಧ ಬಿಟ್ಟಳು. ನಾಲ್ಕರ ದೋಣಿಗೆ ಹೊರಟೆವು. ಇವರು ಕಾರಿನಲ್ಲೇ ಕುಳಿತರು. ನಾವಿಬ್ಬರೂ ಇಳಿದು ಕಂಬಿ ಹಿಡಿದು ನಿಂತೆವು. ಹಳದಿ ಮನೆ ಓಕ್ ಮರಗಳ ಹಿಂದೆ ಸರಿಯಿತು. ಆಮೇಲೆ ಮರಗಳೂ ಒಂದೇ ಕಪ್ಪು ಗೆರೆಯಾದವು.

“ಅಮ್ಮ, ನೀನ್ ಹೇಳು,” ಎಂದಳು. ಕನ್ನಡದಲ್ಲಿ.

“ಏನು?”

“ನನ್ ಹೆಸ್ರು. ಆ ಅಜ್ಜನ ಥರ.”

ಹೇಳಿದೆ. ನಾಲಿಗೆ ಎಲ್ಲಿ ತಾಗುತ್ತದೆಂದು ನೋಡಲು ಅವಳು ನನ್ನ ಗಲ್ಲ ಹಿಡಿದುಕೊಂಡಳು. ಇನ್ನೊಂದು ಸಲ ಎಂದಳು. ಆಚೆ ದಡ ಬರುವವರೆಗೂ ಮಗಳನ್ನು ಹೆಸರು ಹಿಡಿದು ಕರೆಯುತ್ತಲೇ ಇದ್ದೆ, ಅವಳು ನನ್ನ ತೋಳಿಗೆ ಒರಗಿಯೇ ನಿಂತಿದ್ದರೂ.